ಪ್ರಾರ್ಥನೆಯೂ ಬೇಕು, ಕಾವಲೂ ಬೇಕು

ಓದುವ ಭಾಗ: ನೆಹೆಮೀಯ 2:11-18, 4:7-23



ಉಪವಾಸ ಕೂಟದಲ್ಲಿ ಒಬ್ಬ ತಮ್ಮ ಕಣ್ಣೀರು ಹಾಕಿ, "ಕರ್ತನೇ, ಇನ್ನು ಮೇಲೆ ಮೊಬೈಲ್ ಗೇಮ್‌ಗೆ ದುಡ್ಡು ಹಾಕಲ್ಲ" ಅಂತ ತೀರ್ಮಾನ ಮಾಡ್ತಾನೆ ಅಂದುಕೊಳ್ಳಿ. ನಾಲ್ಕು ದಿನ ಗಟ್ಟಿಯಾಗಿ ನಿಲ್ತಾನೆ. ಶುಕ್ರವಾರ ಸಂಬಳ ಬರುತ್ತೆ. ರಾತ್ರಿ ಸುಸ್ತಾಗಿ ಪಿಜಿ ರೂಮಿಗೆ ಬಂದವನು ಮತ್ತೆ ಬೀಳ್ತಾನೆ. ಹೀಗೆ ಮೂರು ಸಲ ಆದ ಮೇಲೆ "ನನ್ನ ನಂಬಿಕೆಯೇ ಸುಳ್ಳು" ಅಂತ ಸಭೆಗೆ ಬರೋದನ್ನೇ ಬಿಟ್ಟುಬಿಡ್ತಾನೆ. ಪ್ರಿಯರೇ, ಅವನ ಕಣ್ಣೀರು ಸುಳ್ಳಾಗಿರಲಿಲ್ಲ. ಅವನ ಹತ್ತಿರ ತೀರ್ಮಾನ ಇತ್ತು, ಯೋಜನೆ ಇರಲಿಲ್ಲ.

ನೆಹೆಮೀಯನನ್ನು ನೋಡಿ. ಈತನು ಅರ್ತಷಸ್ತ ರಾಜನ ಪಾನದಾಯಕನು. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ ಅತ್ತನು, ಉಪವಾಸ ಮಾಡಿದನು. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಅಂದರೆ ಸುಮಾರು 4 ತಿಂಗಳು ಕಾದನು. ಆದರೆ ರಾಜನು "ನಿನಗೇನು ಬೇಕು?" ಎಂದು ಕೇಳಿದಾಗ ತಡವರಿಸಲಿಲ್ಲ. ಎಷ್ಟು ಕಾಲ ಬೇಕು, ಯಾರಿಗೆ ಪತ್ರ ಬೇಕು, ಮರ ಯಾರಿಂದ ಬೇಕು, ಎಲ್ಲಾ ಅವನ ಬಾಯಲ್ಲಿತ್ತು! ಆತನಿಂದ ನಾವು ಮೂರು ಪಾಠ ಕಲಿಯೋಣ.

1. ಒಡೆದ ಜಾಗವನ್ನು ನೋಡಿದನು

ಯೆರೂಸಲೇಮಿಗೆ ಬಂದ ಮೂರು ದಿನಗಳ ಮೇಲೆ, ರಾತ್ರಿ ಕೆಲವೇ ಜನರ ಜೊತೆ ಹೋಗಿ ಗೋಡೆಯನ್ನು ಪರೀಕ್ಷಿಸಿದನು. ಒಂದು ಕಡೆ ಅವನು ಹತ್ತಿದ್ದ ಪಶು ದಾಟೋಕೂ ಜಾಗ ಇರಲಿಲ್ಲ. ಕೆಲಸ ಶುರು ಮಾಡೋ ಮುಂಚೆ ಇದನ್ನೆಲ್ಲಾ ನೋಡಿಕೊಂಡನು.

ನೀವು ಬೀಳೋದು ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ? ಒಂದು ಹಾಳೆಯಲ್ಲಿ ಬರೆಯಿರಿ. ಬಹಳ ಸಲ ಅದು ಒಂದೇ ದಿನ, ಒಂದೇ ಹೊತ್ತು ಆಗಿರುತ್ತೆ.

2. ತಗ್ಗಾದ ಜಾಗದಲ್ಲಿ ಕಾವಲಿಟ್ಟನು

4ನೇ ಅಧ್ಯಾಯದಲ್ಲಿ ಶತ್ರುಗಳು ಒಟ್ಟುಗೂಡಿದರು. ಅದೇ ಹೊತ್ತಿಗೆ ಹೊರೆ ಹೊರುವವರ ಬಲವೂ ಕುಂದಿತು, ಕಸದ ರಾಶಿ ಮಾತ್ರ ಹಾಗೇ ಇತ್ತು. ಆಗ ನೆಹೆಮೀಯನು "ಇನ್ನೂ ಜೋರಾಗಿ ದುಡೀರಿ" ಅಂತ ಗದರಿಸಿದನಾ? ಇಲ್ಲ. ಪ್ರಾರ್ಥನೆ ಮಾಡಿ, ಹಗಲೂ ರಾತ್ರಿ ಕಾವಲಿಟ್ಟನು. ಗೋಡೆ ತಗ್ಗಾಗಿದ್ದ ಕಡೆಯಲ್ಲೇ ಜನರನ್ನು ಕುಟುಂಬ ಕುಟುಂಬವಾಗಿ ನಿಲ್ಲಿಸಿದನು. ಕೆಲಸದ ವ್ಯವಸ್ಥೆಯನ್ನೇ ಬದಲಾಯಿಸಿದನು: ಅರ್ಧ ಜನ ಕಟ್ಟಿದರು, ಅರ್ಧ ಜನ ಈಟಿ ಹಿಡಿದರು.

ನಿಮ್ಮ ಬಲವೂ ರಾತ್ರಿ 11 ಗಂಟೆಗೆ ಕುಂದುತ್ತೆ. ಆದ್ದರಿಂದ ಬೆಳಿಗ್ಗೆ ಬಲ ಇದ್ದಾಗಲೇ ಕಾವಲು ಇಡಿ. ಆ ಆ್ಯಪ್ ತೆಗೆದುಹಾಕಿ. ಸಂಬಳ ಬಂದ ದಿನವೇ ಬಾಡಿಗೆ, ಮನೆಗೆ ಕಳಿಸೋ ದುಡ್ಡು, ಆರ್‌ಡಿ ತಾನಾಗಿ ಹೋಗೋ ಹಾಗೆ ಮಾಡಿ. ಫೋನ್ ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕಿ.

3. ಕೊಂಬೂದುವವನನ್ನು ಪಕ್ಕದಲ್ಲಿ ಇಟ್ಟುಕೊಂಡನು

ಕೆಲಸಗಾರರು ಗೋಡೆಯ ಉದ್ದಕ್ಕೂ ದೂರ ದೂರ ಇದ್ದರು. ಕೊಂಬಿನ ಶಬ್ದ ಕೇಳಿದ ಕಡೆ ಎಲ್ಲರೂ ಓಡಿ ಬರಬೇಕೆಂದು ಮೊದಲೇ ಗೊತ್ತುಮಾಡಿದ್ದನು. ನಿಮ್ಮ ಕೊಂಬು ಯಾರು? ಬಿದ್ದ ಮೇಲೆ ಹೇಳಿಕೊಳ್ಳೋದಕ್ಕಿಂತ, ಬೀಳುವ ಮೊದಲೇ ಫೋನ್ ಮಾಡಬಹುದಾದ ಒಬ್ಬ ಬ್ರದರ್, ಸಿಸ್ಟರಾದರೆ ಒಬ್ಬ ಸಿಸ್ಟರ್, ಇರಲಿ. "ಶುಕ್ರವಾರ ರಾತ್ರಿ ಕಾಲ್ ಮಾಡ್ತೀನಿ, ಎತ್ತಿ" ಅಂತ ಇವತ್ತೇ ಹೇಳಿಡಿ. ಸಾಲ ಆಗಿದ್ದರೆ ಅದನ್ನೂ ಅವರಿಗೆ ಹೇಳಿ.

"ಬ್ರದರ್, ಇಷ್ಟೆಲ್ಲಾ ಪ್ಲಾನ್ ಮಾಡಿದರೆ ಪವಿತ್ರಾತ್ಮನ ಮೇಲೆ ಭರವಸೆ ಇಲ್ಲ ಅಂತ ಆಗಲ್ವಾ?" ಎಂದು ಕೆಲವರು ಕೇಳಬಹುದು. ನೆಹೆಮೀಯ 4:9 ನೋಡಿ, ಒಂದೇ ವಚನದಲ್ಲಿ ಪ್ರಾರ್ಥನೆಯೂ ಇದೆ, ಕಾವಲೂ ಇದೆ. ಗೋಡೆ 52 ದಿನಗಳಲ್ಲಿ ಮುಗಿಯಿತು (6:15). ಈಟಿ ಹಿಡಿದು ಕಟ್ಟಿದ ಆ ಕೆಲಸ ದೇವರಿಂದಲೇ ಆಯಿತೆಂದು ಶತ್ರುಗಳೇ ತಿಳಿದುಕೊಂಡರು. ಸ್ತೋತ್ರ!

ಈ ವಾರದ ಕೆಲಸ: ಒಂದು ಒಡೆದ ಜಾಗ, ಒಂದು ಕಾವಲು, ಒಬ್ಬರ ಹೆಸರು. ಬರೆದು ಬೈಬಲಿನಲ್ಲಿ ಇಟ್ಟುಕೊಳ್ಳಿ. ಈ ವಾರ ಬಿದ್ದರೂ ಭಾನುವಾರ ತಪ್ಪಿಸಬೇಡಿ, ಬನ್ನಿ. ಗೋಡೆ ಇನ್ನೂ ಎಲ್ಲಿ ತಗ್ಗಿದೆ ಅಂತ ಕೂತು ನೋಡೋಣ.

ಪ್ರಾರ್ಥಿಸೋಣ: ಪರಲೋಕದ ತಂದೆಯೇ, ನಮ್ಮ ಬಲಹೀನತೆ ನಿನಗೆ ಗೊತ್ತು. ಎಲ್ಲಿ ಕಾವಲಿಡಬೇಕೆಂದು ತಿಳಿಯುವ ಜ್ಞಾನವನ್ನು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.