ಸ್ನಾಯುಗಳ ಅದುರುವಿಕೆಯೂ ಕಸುವಿನ ಕುಂದೂ: ತೋಟದ ಒಡೆಯರು ಅರಿಯತಕ್ಕ ಸಂಗತಿಗಳು

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ದ್ರಾಕ್ಷಿಯ ಬೇಸಾಯವು ವಿಸ್ತಾರವಾಗಿ ನಡೆದಿರುವದು ವಾಚಕರಿಗೆ ತಿಳಿದ ಸಂಗತಿಯೇ. ಅಕ್ಟೋಬರ ತಿಂಗಳ ಚಾಟಣಿಯ ತರುವಾಯ ಬೂಜು ತುಪ್ಪಟ ರೋಗ, ಬೂದಿ ರೋಗ, ನುಸಿ, ಹಿಟ್ಟು ತಿಗಣೆ ಇವುಗಳ ನಿವಾರಣೆಗಾಗಿ ಮೇಲಿಂದ ಮೇಲೆ ಔಷಧಿಗಳನ್ನು ಸಿಂಪಡಿಸಬೇಕಾಗುವದು. ಅದೇ ಕಾಲಕ್ಕೆ ತೊಗರಿಗೂ ಹತ್ತಿಗೂ ಔಷಧಿ ಹೊಡೆಯುವ ಕೆಲಸವು ಒದಗುವದು. ಬಳ್ಳಿಯ ರೋಗವನ್ನು ಎಲೆಯ ಮೇಲಿನ ಚುಕ್ಕೆಯಿಂದ ಗುರುತಿಸಬಲ್ಲ ಒಕ್ಕಲಿಗನು, ಔಷಧಿ ಹೊಡೆಯುವ ಆಳಿನ ದೇಹದಲ್ಲಿ ತೋರುವ ಚಿಹ್ನೆಗಳನ್ನು ಅಷ್ಟೇ ಸೂಕ್ಷ್ಮವಾಗಿ ನೋಡುವದಿಲ್ಲ. ಆ ಚಿಹ್ನೆಗಳ ವಿಚಾರವನ್ನು ಇಲ್ಲಿ ಮಾಡಲಾಗಿದೆ.

ಒಬ್ಬ ಕೂಲಿಯಾಳಿಗೆ ರೆಪ್ಪೆ ಅದುರಹತ್ತಿತೆಂದು ತಿಳಿಯಿರಿ. ಮನೆಯವರು ಅದನ್ನು ಶಕುನವೆಂದು ಎಣಿಸುವರು. ಬಳಿಕ ಮೀನಖಂಡದಲ್ಲಿಯೂ ತೋಳಿನಲ್ಲಿಯೂ ಚರ್ಮದ ಕೆಳಗೆ ಹುಳು ಹರಿದಂತೆ ಸ್ನಾಯುಗಳು ಮಿಡಿಯುವವು. ಕೆಲವು ದಿನಗಳಲ್ಲಿ ತುಂಬಿದ ಬುಟ್ಟಿಯನ್ನು ಎತ್ತಲು ಅವನಿಗೆ ಕಸುವು ಸಾಲದಾಗುವದು. ಒಬ್ಬರು ಗಾಳಿಯ ಸೋಂಕೆನ್ನುವರು, ಇನ್ನೊಬ್ಬರು ಮೈಗಳ್ಳತನವೆನ್ನುವರು. ಅವನು ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆಯುವನು. ಹೋದಲ್ಲೆಲ್ಲ ಶಕ್ತಿಯ ಸೂಜಿಮದ್ದು ದೊರೆಯುವದೇ ಹೊರತು ರೋಗದ ಹೆಸರು ದೊರೆಯುವದಿಲ್ಲ. ಯಾಕಂದರೆ ಅವನು ಯಾವ ದಿವಸ ಯಾವ ಔಷಧಿಯನ್ನು ಹೊಡೆದನೆಂಬುದನ್ನು ವೈದ್ಯರಿಗೆ ಹೇಳಬಲ್ಲವರು ಯಾರೂ ಇರುವದಿಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಸ್ನಾಯುವಿನ ವ್ಯವಹಾರವನ್ನು ಅರಿಯತಕ್ಕದ್ದು. ನರವು ಸ್ನಾಯುವಿಗೆ ಅಪ್ಪಣೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಬಿಡುವದು. ಕೆಲಸವಾದ ಕೂಡಲೆ ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆದುಹಾಕುವದು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಈ ಕಿಣ್ವವನ್ನು ಕಟ್ಟಿಹಾಕುವವು. ಆಗ, ತೂಬು ಮುಚ್ಚದ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುವಂತೆ, ಅಪ್ಪಣೆಯು ನಿಲ್ಲದೆ ಸ್ನಾಯುವು ಅದುರುವದು. ಕೊನೆಗೆ ದಣಿದು ಸೋಲುವದು. ಹುಳುವನ್ನು ಕೊಲ್ಲುವ ರೀತಿಯೂ ಇದೇ. ಈ ವಿಷವು ಬಾಯಿಂದಲೇ ಹೋಗಬೇಕೆಂಬ ನಿಯಮವಿಲ್ಲ. ತೊಯ್ದ ಅಂಗಿಯ ಮೂಲಕ, ಬರಿಗೈಯ ಮೂಲಕ, ಚರ್ಮದಿಂದಲೇ ಒಳಸೇರುವದು.

ವಿಷವು ಮೂರು ಹಂತಗಳಲ್ಲಿ ತೋರಬಹುದು. ಮೊದಲನೆಯದಾಗಿ, ಕೆಲವು ಗಳಿಗೆಗಳಲ್ಲಿಯೇ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವದು ಮತ್ತು ಸ್ನಾಯುಗಳ ಅದುರುವಿಕೆ. ಎರಡನೆಯದಾಗಿ, 24ರಿಂದ 96 ತಾಸುಗಳ ನಡುವೆ, ರೋಗಿಯು ಚೇತರಿಸಿಕೊಂಡನೆಂದು ಎಲ್ಲರೂ ನಂಬಿದಾಗ, ಕತ್ತನ್ನು ಎತ್ತಲಾಗದೆ ಉಸಿರಾಟವು ಕುಂದಬಹುದು. ಈ ಅವಸ್ಥೆಯನ್ನು ಶ್ರೀಲಂಕೆಯ ವೈದ್ಯರು 1987ರಲ್ಲಿ ಮೊದಲು ಸವಿಸ್ತಾರವಾಗಿ ವರ್ಣಿಸಿದರು. ಮೂರನೆಯದಾಗಿ, ಕೆಲವು ಔಷಧಿಗಳಿಂದ 2–3 ವಾರಗಳ ತರುವಾಯ ಕಾಲು ಜುಮ್ಮೆಂದು ಪಾದವು ಜೋಲಬಹುದು. ಆದಕಾರಣ ಒಮ್ಮೆ ವಿಷ ತಾಗಿದವನನ್ನು ಮರುದಿನವೇ ಕೆಲಸಕ್ಕೆ ಕರೆಯುವದು ಸರ್ವಥಾ ತಪ್ಪು.

ಆದರೆ ಎಲ್ಲ ಅದುರುವಿಕೆಯೂ ವಿಷದಿಂದಲೇ ಬಂದದ್ದೆಂದು ತಿಳಿಯಲಾಗದು. ಕಸುವು ಕುಂದದೆ ಬರಿಯ ಮಿಡಿತವಿದ್ದರೆ ಅದು ಬಹುಮಟ್ಟಿಗೆ ದಣಿವು, ನಿದ್ರೆಗೇಡು, ಅತಿಯಾದ ಚಹ, ಚಿಂತೆ ಇವುಗಳ ಫಲವು. ರಕ್ತದಲ್ಲಿಯ ಲವಣಗಳ ಏರುಪೇರು, ಥೈರಾಯ್ಡ್ ಗ್ರಂಥಿಯ ದೋಷ, ಕತ್ತಿನ ಮೂಳೆಯು ನರವನ್ನು ಒತ್ತುವದು ಇವೂ ಕಾರಣಗಳಾಗಬಹುದು. ಸ್ನಾಯುವು ಸೊರಗುತ್ತ, ಕಸುವು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋಗುವ ನರರೋಗಗಳೂ ಉಂಟು. ಅವುಗಳಲ್ಲಿಯೂ ಎಲ್ಲವೂ ಒಂದೇ ತೆರನಾದವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾಕ್ಟರ್ ಗೌರಿದೇವಿಯವರೂ ಅವರ ಸಂಗಡಿಗರೂ ತರುಣರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ವ್ಯಾಧಿಯನ್ನು 1984ರಲ್ಲಿ ವರ್ಣಿಸಿದರು. ಅದು ಕೆಲವು ವರ್ಷ ಮುಂದುವರಿದು ಬಳಿಕ ತಾನಾಗಿ ನಿಲ್ಲುವದು. ಹೆಸರು ತಿಳಿಯುವ ಮುನ್ನವೇ ಆಸೆಯನ್ನು ಬಿಡತಕ್ಕದ್ದಲ್ಲವೆಂಬುದಕ್ಕೆ ಇದೊಂದು ನಿದರ್ಶನವು.

ಪರೀಕ್ಷೆಯ ಕ್ರಮವು ಹೀಗಿರುವದು. ಔಷಧಿ ಹೊಡೆದವನಾದರೆ ರಕ್ತದಲ್ಲಿಯ ಕೋಲಿನೆಸ್ಟರೇಸ್ ಪ್ರಮಾಣವನ್ನು ಬೇಗನೆ ಅಳೆಯಿಸಬೇಕು. ಈ ಪ್ರಮಾಣವು ಆರೋಗ್ಯವಂತರಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರುವದರಿಂದ, ಹಂಗಾಮಿನ ಮುಂಚೆ ಅಳೆದ ಅಂಕಿಯಿದ್ದರೆ ಮಾತ್ರ ಇಳಿತವು ನಿಶ್ಚಯವಾಗಿ ತಿಳಿಯುವದು. ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 1974ರಿಂದ ಇಂಥ ಔಷಧಿ ಹೊಡೆಯುವವರಿಗೆ ಈ ಪರೀಕ್ಷೆಯ ಕಟ್ಟಳೆಯುಂಟು. ಕೆಂಪು ರಕ್ತಕಣಗಳಲ್ಲಿಯ ಕಿಣ್ವವು ಪೂರ್ವಸ್ಥಿತಿಗೆ ಬರಲು 3–4 ತಿಂಗಳು ಬೇಕಾಗಬಹುದು. ಅಲ್ಲಿಯ ವರೆಗೆ ಅಲ್ಪ ವಿಷವೂ ಬಾಧಿಸುವದು. ವಿಷವಲ್ಲವೆಂದು ಕಂಡರೆ ವೈದ್ಯರು ನರಗಳ ವೇಗವನ್ನೂ, ಸೂಜಿಯಿಂದ ಸ್ನಾಯುವಿನ ವಿದ್ಯುತ್ತನ್ನೂ ಪರೀಕ್ಷಿಸುವರು. ಕತ್ತಿನ ಚಿತ್ರವನ್ನು ತೆಗೆಯಿಸುವರು. ಒಮ್ಮೆಗೇ ನಿರ್ಣಯವಾಗದೆ ಕೆಲವು ತಿಂಗಳ ಬಳಿಕ ಮತ್ತೆ ಬರಹೇಳುವದೂ ಉಂಟು. ಅದು ವೈದ್ಯರ ಅಲಕ್ಷ್ಯವಲ್ಲ. ಬೆಳೆಯನ್ನು ಎರಡು ಸಲ ನೋಡಿ ರೋಗವನ್ನು ನಿಶ್ಚಯಿಸುವಂತೆ ಕಾಲವೂ ಒಂದು ಪರೀಕ್ಷೆಯೇ.

ಈ ನಡುಗಾಲವನ್ನು ಕಳೆಯುವದೇ ರೋಗಿಗೆ ಕಠಿಣವು. ಅವನಿಗೆ ಔಷಧಿಯ ಕೆಲಸವನ್ನು ಬಿಡಿಸಿ, ನೆರಳಿನಲ್ಲಿ ಒಣದ್ರಾಕ್ಷಿಯನ್ನು ಆರಿಸುವಂಥ ಹಗುರವಾದ ಕೆಲಸವನ್ನು ಕೊಡಬೇಕು, ಕೂಲಿಯನ್ನು ಕಡಿಯಬಾರದು. ಕೂಲಿ ಹೋದೀತೆಂಬ ಅಂಜಿಕೆಯಿಂದ ಆಳು ಬೇನೆಯನ್ನು ಮುಚ್ಚಿಡುವನು. ಮುಚ್ಚಿಟ್ಟ ಬೇನೆಗೆ ಮದ್ದಿಲ್ಲ. ಎಷ್ಟು ಭಾರ ಎತ್ತಿದನು, ಕುಳಿತಲ್ಲಿಂದ ಕೈಯೂರದೆ ಎದ್ದನೋ ಇಲ್ಲವೋ, ಎಲ್ಲಿ ಅದುರಿತು ಎಂಬುದನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಸಾಕು. ಗಳಿಗೆಗೊಮ್ಮೆ ಮೈಯನ್ನು ನೋಡಿಕೊಳ್ಳುತ್ತ ಕೂಡುವದರಿಂದ ಭಯವು ಹೆಚ್ಚುವದೇ ಹೊರತು ರೋಗವು ತಿಳಿಯುವದಿಲ್ಲ. ಉಸಿರು ಕಟ್ಟಿದರೆ, ನುಂಗಲಾಗದಿದ್ದರೆ, ಕತ್ತು ನಿಲ್ಲದಿದ್ದರೆ ಮಾತ್ರ ಕ್ಷಣವೂ ತಡೆಯದೆ 108ಕ್ಕೆ ಕರೆಮಾಡಿ ವಿಜಯಪುರದ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ವಿಷ ತಾಗಿದ ಸಂಶಯವಿದ್ದರೆ ಬಟ್ಟೆಯನ್ನು ತೆಗೆದು ಸಾಬೂನಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯನ್ನು ಚೀಟಿಯ ಸಹಿತ ಜೊತೆಗೆ ಒಯ್ಯಬೇಕು.

ಊರ ಪ್ರಮುಖರೂ ಜಮೀನುದಾರರೂ ಮಾಡತಕ್ಕ ಕಾರ್ಯಗಳು:

1. ಡಬ್ಬಿಯ ಮೇಲಿನ ಬಣ್ಣವನ್ನು ಆಳುಗಳಿಗೆ ಕಲಿಸುವದು. ಕೆಂಪು ಅತ್ಯಂತ ವಿಷಕಾರಿ, ಅದಕ್ಕಿಂತ ಕಡಿಮೆ ಹಳದಿ, ಆ ಮೇಲೆ ನೀಲಿ, ಕೊನೆಗೆ ಹಸಿರು.

2. 2018ರ ಸರಕಾರಿ ಆಜ್ಞೆಯಿಂದ ಮಿಥೈಲ್ ಪ್ಯಾರಾಥಿಯಾನ್, ಫೋರೇಟ್, ಟ್ರಯಾಜೋಫಾಸ್, ಡೈಕ್ಲೋರ್‌ವಾಸ್ ಮೊದಲಾದವು ನಿಷೇಧಗೊಂಡಿವೆ. ಹಳೆಯ ಡಬ್ಬಿಗಳು ಕೋಣೆಯಲ್ಲಿ ಉಳಿದಿದ್ದರೆ ಬಳಸಕೂಡದು.

3. ಕೈಚೀಲ, ಮುಖವಸ್ತ್ರ, ತುಂಬುತೋಳಿನ ಅಂಗಿ ಇವುಗಳನ್ನು ಒಡೆಯನೇ ಒದಗಿಸುವದು. ಗಾಳಿಗೆ ಎದುರಾಗಿ ಹೊಡೆಯಿಸಬಾರದು. ಕಟ್ಟಿದ ಮೂತಿಯನ್ನು ಬಾಯಿಂದ ಊದಗೊಡಬಾರದು.

4. ಒಬ್ಬನೇ ಆಳಿನಿಂದ ದಿನವೂ ಔಷಧಿ ಹೊಡೆಯಿಸದೆ ಸರದಿಯನ್ನು ಹಚ್ಚುವದು.

ಕಡೆಯದಾಗಿ ಒಂದು ಮಾತು. ಪರದೇಶಕ್ಕೆ ದ್ರಾಕ್ಷಿಯನ್ನು ಕಳಿಸುವ ತೋಟಗಳಲ್ಲಿ ಸಿಂಪರಣೆಯ ವಹಿಯನ್ನು ಇಡುವ ರೂಢಿಯುಂಟು. ತಾರೀಖು, ಔಷಧಿ, ಪ್ರಮಾಣ ಎಲ್ಲವೂ ಅದರಲ್ಲಿ ಬರುವವು. ಕೊಳ್ಳುವವನ ನಾಲಿಗೆಗೆ ವಿಷದ ಅಂಶವು ತಾಗಬಾರದೆಂಬುದೇ ಅದರ ಉದ್ದೇಶವು. ಆ ವಹಿಯಲ್ಲಿ ಇನ್ನೊಂದು ಗೆರೆಯನ್ನು ಎಳೆದು, ಔಷಧಿ ಹೊಡೆದವನ ಹೆಸರನ್ನೂ ಮರುದಿನದ ಅವನ ದೇಹಸ್ಥಿತಿಯನ್ನೂ ಬರೆದರೆ ಖರ್ಚೇನೂ ಇಲ್ಲ. ಮುಂದೆ ಎಂದಾದರೂ ಅವನ ಕೈ ಅದುರಿ ಕಸುವು ಕುಂದಿದರೆ, ವೈದ್ಯರ ಮುಂದೆ ಇಡತಕ್ಕ ಮೊದಲನೆಯ ಸಾಕ್ಷಿಯು ಆ ಒಂದು ಸಾಲೇ ಆಗುವದು.