ಬಂದರಿನಿಂದ ಲೈನ್‌ಗೆ ಹೊರಡುವವರಿಗೆ

ಮಂಗಳೂರು ಬಂದರಿನ ಸಗಟು ಅಂಗಡಿಗಳ ಪರವಾಗಿ ಬೇಳೆ, ಮೆಣಸು, ಮಸಾಲೆಗೆ ಆರ್ಡರ್ ಹಿಡಿಯಲು ಬಿ.ಸಿ.ರೋಡ್, ಪುತ್ತೂರು, ಉಪ್ಪಳ ಎಂದು ಬೈಕ್ ಏರುವವರಿಗೆ ಈ ಸೂತ್ರಗಳು. ಇವರಲ್ಲಿ ಸಂಬಳ ಇಲ್ಲದವರಿಗೆ ಕಮಿಷನ್ನೇ ಊಟ.

1. ಶೇಕಡಾ ಎಷ್ಟು ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಿ. ಬಿಲ್ ಆದ ಕೂಡಲೇ ಕೊಡುತ್ತಾರೋ, ಹಣ ಬಂದ ಮೇಲೋ? ಮಾಲು ವಾಪಸಾದರೆ ಕಡಿತ ಉಂಟೋ? ಪೆಟ್ರೋಲ್ ಯಾರ ಲೆಕ್ಕ? ಬೇರೆ ಕರಾರು ಇಲ್ಲದಿದ್ದರೆ ಕೆಲಸ ಪೂರ್ತಿಯಾದ ಮೇಲೆಯೇ ಏಜೆಂಟನಿಗೆ ದುಡ್ಡು ಎನ್ನುತ್ತದೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 219ನೇ ಕಲಂ. ಕೆಲಸ ಪೂರ್ತಿಯಾಯಿತು ಎನ್ನುವುದು ಯಾವಾಗ ಎಂಬಲ್ಲೇ ಜಗಳ ಹುಟ್ಟುವುದು. ಧಣಿ ಎಷ್ಟೇ ಒಳ್ಳೆಯವರಿರಲಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

2. ಕೇಳದೆಯೇ ದೊಡ್ಡ ಆರ್ಡರ್ ಕೊಡುವ ಹೊಸ ಅಂಗಡಿಯನ್ನು ಅನುಮಾನಿಸಿ. ಬಾಕಿ ತೀರಿಸದ್ದಕ್ಕೆ ಇನ್ನೊಬ್ಬ ಸಗಟುದಾರ ಮಾಲು ನಿಲ್ಲಿಸಿರಬಹುದು. ಆ ಸುದ್ದಿ ಮೊದಲು ಗೊತ್ತಾಗುವುದು ಟೆಂಪೋದವರಿಗೆ, ಮಾಲು ಇಳಿಸುವವರಿಗೆ. ಅವರೊಡನೆ ಒಂದು ಚಹಾ ಕುಡಿಯಿರಿ. ಮೊದಲ ಕೆಲವು ಬಿಲ್ ನಗದಿಗೇ ಇರಲಿ.

3. ಹಳೆ ಬಾಕಿ ಕೇಳಿದ ಮೇಲೆಯೇ ಹೊಸ ಆರ್ಡರ್ ಬರೆಯಿರಿ. ತಿರುಗು ಮುರುಗಾಗಿ ಮಾಡಿದರೆ ಬಾಕಿಯ ಮಾತೇ ಬರುವುದಿಲ್ಲ.

4. ಕಡಲಿನ, ತೋಟದ ಲೆಕ್ಕ ತಲೆಯಲ್ಲಿರಲಿ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಕ್ಕೆ ಖಾಲಿಯಾದರೆ ಬೆಂಗ್ರೆ, ಉಳ್ಳಾಲದ ಜಿನಸು ಅಂಗಡಿಗಳಲ್ಲಿ ಉದ್ದರಿ ಬರೆಸುವವರು ಹೆಚ್ಚುತ್ತಾರೆ. ಅಲ್ಲಿನ ವಸೂಲಿ ಮೇ ಒಳಗೆ ಮುಗಿಸಿ. ಪುತ್ತೂರು, ಸುಳ್ಯ ಕಡೆ ದುಡ್ಡು ಓಡಾಡುವುದು ಅಡಿಕೆಯ ಮೇಲೆ. ಅಂದಿನ ಕ್ಯಾಂಪ್ಕೋ ದರ ನೋಡದೆ ಆ ಲೈನ್‌ಗೆ ಹೋಗುವವನು ಸುಮ್ಮನೆ ಪೆಟ್ರೋಲ್ ಸುಡುತ್ತಾನೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಂದರಿನಲ್ಲೇ ಅರ್ಧ ಬಾಗಿಲು. ಲೆಕ್ಕ ಒಪ್ಪಿಸುವ ಕೆಲಸ ಬೆಳಿಗ್ಗೆಗೆ ಇಟ್ಟುಕೊಳ್ಳಿ.

5. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಸ್ವಲ್ಪ ಸ್ವಲ್ಪ ಬರಲಿ. ಮಾಲು ಮಾರಲು ಹಿಂದಿಯೂ ಸಾಕು. ಮನಸ್ಸು ನೋಯಿಸದೆ ಬಾಕಿ ಕೇಳಲು ಅವರದೇ ಮಾತು ಬೇಕು.

6. ವಸೂಲಾದ ಹಣ ಅದೇ ಸಂಜೆ ಗಲ್ಲಾಪೆಟ್ಟಿಗೆಗೆ. ನಿಮಗೆ ಸಲ್ಲಬೇಕಾದ ಕಮಿಷನ್ ಮುರಿದುಕೊಳ್ಳಲು ಕಾನೂನಿನಲ್ಲಿ ದಾರಿ ಉಂಟು, ನಿಜ. ಆದರೂ ಪೂರ್ತಿ ಕೊಟ್ಟು, ಆಮೇಲೆ ಕೇಳಿ ಪಡೆಯಿರಿ. ಇಲ್ಲದಿದ್ದರೆ ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದ ದಿನ ಎಲ್ಲರ ಕಣ್ಣೂ ನಿಮ್ಮ ಜೇಬಿನ ಮೇಲೆ.

7. ಚೆಕ್ಕಿಗೆ ಆಯುಷ್ಯ ಮೂರೇ ತಿಂಗಳು. ಅದು ಬೌನ್ಸ್ ಆದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ಅಂಗಡಿಯವರ ಮೇಲಿನ ದಾಕ್ಷಿಣ್ಯಕ್ಕೆ ಧಣಿಗೆ ಹೇಳದೆ ದಿನ ಕಳೆಯಬೇಡಿ.

8. ತಲಪಾಡಿ ದಾಟುವ ಮಾಲು 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಆಯಿತೇ ನೋಡಿ. ಗಾಡಿ ದಾರಿಯಲ್ಲಿ ನಿಂತರೆ ಅಂಗಡಿಯವರು ಫೋನ್ ಮಾಡುವುದು ನಿಮಗೇ.

9. ನಿಮ್ಮ ಕಮಿಷನ್‌ನಿಂದ ಟಿಡಿಎಸ್ ಕಡಿಯುತ್ತಿದ್ದರೆ ಪ್ಯಾನ್ ಕೊಟ್ಟಿರಿ. ಕೊಟ್ಟರೆ ಶೇ 2, ಕೊಡದಿದ್ದರೆ ಶೇ 20. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ರಿಟರ್ನ್ಸ್ ಸಲ್ಲಿಸಿ ಆ ಹಣ ವಾಪಸು ಪಡೆಯಬಹುದು.