ಗಾಜಿನ ತೊಟ್ಟಿಯಲ್ಲಿ ಕಾಡಿನ ನೆಲ

ಜಿರಲೆಯನ್ನು ಕಂಡೊಡನೆ ನಮ್ಮ ಕೈ ಪೊರಕೆಯ ಕಡೆಗೆ ಹೋಗುವುದು ವಾಡಿಕೆ. ಆದರೆ ಜಗತ್ತಿನಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಜಿರಲೆಯ ಜಾತಿಗಳುಂಟು. ಮನೆಯನ್ನು ಹೊಕ್ಕು ಕಾಟ ಕೊಡತಕ್ಕವು ಅವುಗಳಲ್ಲಿ ಕೆಲವೇ ಕೆಲವು. ಉಳಿದವುಗಳಲ್ಲಿ ಅನೇಕವು ಕಾಡಿನಲ್ಲಿ ಉದುರಿದ ಎಲೆಗಳ ನಡುವೆ ಬಾಳುತ್ತ ನೆಲವನ್ನು ಹದಗೊಳಿಸುತ್ತವೆ. ಈ ಕಾರ್ಯವನ್ನು ಕಣ್ಣಾರೆ ಕಾಣಲು ಗಿಡ, ಮಣ್ಣು, ಕೀಟಗಳನ್ನು ಒಟ್ಟಿಗೆ ಸಾಕುವ ಒಂದು ಗಾಜಿನ ತೊಟ್ಟಿ ಸಾಕು. ಇದನ್ನು 'ಬಯೋಆಕ್ಟಿವ್ ಟೆರೇರಿಯಂ', ಎಂದರೆ ಜೀವಕ್ರಿಯೆಗಳು ನಡೆಯುತ್ತಿರುವ ತೊಟ್ಟಿ ಎನ್ನುತ್ತಾರೆ.

ಇಂತಹ ತೊಟ್ಟಿಯ ಕಥೆ ಒಂದು ಕೀಟದಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯಕರವಾದ ಸಂಗತಿ. 1829ರ ಸುಮಾರಿಗೆ ಲಂಡನ್ನಿನ ವೈದ್ಯನಾದ ನೆಥೇನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬುವನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದನು. ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಹುಲ್ಲೂ ಮೊಳೆತವು. ಆವಿಯಾದ ನೀರು ಗಾಜಿಗೆ ತಾಗಿ ಹನಿಗಟ್ಟಿ ಮರಳಿ ಮಣ್ಣಿಗೇ ಇಳಿಯುತ್ತಿತ್ತು. ವಾರ್ಡ್ ಕಂಡದ್ದು ನೀರಿನ ಚಕ್ರ. ನಮ್ಮ ತೊಟ್ಟಿಯಲ್ಲಿ ಇದರೊಡನೆ ಆಹಾರದ ಚಕ್ರವೂ ತಿರುಗಬೇಕು.

ದಕ್ಷಿಣ ಭಾರತದ ಕುರುಚಲು ಕಾಡುಗಳಲ್ಲಿರುವ ಥೆರಿಯಾ ಪೆಟಿವೆರಿಯಾನ ಎಂಬ ಜಿರಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಪ್ಪು ಮೈಮೇಲೆ ಬಿಳಿಯ ಚುಕ್ಕೆಗಳಿರುವ ಇದನ್ನು ಜಿರಲೆಯೆಂದು ನಂಬುವುದೇ ಕಷ್ಟ. ಇದರ ಮರಿಗಳು ತಿಂಗಳುಗಟ್ಟಲೆ ಮಣ್ಣಿನಲ್ಲಿ ಹುದುಗಿದ್ದು ತರಗೆಲೆಯನ್ನು ತಿಂದು ಹಿಕ್ಕೆಯನ್ನಾಗಿ ಮಾಡುತ್ತವೆ. ಹಿಕ್ಕೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟನ್ನು ಸ್ಪ್ರಿಂಗ್‌ಟೇಲ್ ಎಂಬ, ಎಳ್ಳಿಗಿಂತಲೂ ಚಿಕ್ಕದಾದ ಜೀವಿಗಳು ಮೇಯುತ್ತವೆ. ಏಡಿಯ ದೂರದ ಬಂಧುವಾದ, ಹದಿನಾಲ್ಕು ಕಾಲಿನ ಐಸೊಪಾಡ್ ಕೊಳೆತ ಎಲೆಯನ್ನೂ ಸತ್ತ ಕೀಟಗಳನ್ನೂ ತಿಂದು ಮುಗಿಸುತ್ತದೆ. ಕೊಳೆಯುವಿಕೆಯಿಂದ ಹುಟ್ಟಿದ ಅಮೋನಿಯವನ್ನು ಮಣ್ಣಿನ ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟನ್ನಾಗಿಯೂ ಅನಂತರ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡದ ಬೇರು ಹೀರಿಕೊಳ್ಳುತ್ತದೆ. ಹೀಗೆ ಒಂದರ ಕಸ ಇನ್ನೊಂದರ ಊಟವಾಗುತ್ತದೆ.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾದೀತು? ಗಿಡ ನೆಟ್ಟ ದಿನವೇ ಹತ್ತಾರು ಜಿರಲೆಗಳನ್ನು ಬಿಟ್ಟರೆ ಅದರ ಉತ್ತರ ತಾನಾಗಿ ತಿಳಿಯುತ್ತದೆ. ಕಸ ತಿನ್ನುವವುಗಳ ಸಂತತಿ ಇನ್ನೂ ಹೆಚ್ಚಿರುವುದಿಲ್ಲ. ಹಿಕ್ಕೆ ರಾಶಿಬಿದ್ದು, ಬೂಷ್ಟು ಹಬ್ಬಿ, ತೊಟ್ಟಿ ನಾರತೊಡಗುತ್ತದೆ. ಆದುದರಿಂದ ಇಲ್ಲಿ ಅನುಕ್ರಮವೇ ಮುಖ್ಯ. ತಳದಲ್ಲಿ ನೀರು ಬಸಿಯಲು ಕಲ್ಲುಚೂರು, ಅದರ ಮೇಲೆ ಸಡಿಲವಾದ ಮಣ್ಣು, ಮೇಲೆ ಧಾರಾಳವಾಗಿ ತರಗೆಲೆ ಇರಬೇಕು. ಎಲೆಗೆ ಕೀಟನಾಶಕ ತಗುಲಿರಕೂಡದು. ಮರಿಗಳು ಮಣ್ಣನ್ನು ಕೆದಕುವುದರಿಂದ ನಾಜೂಕಾದ ಗಿಡಗಳು ನಿಲ್ಲಲಾರವು; ಮನಿ ಪ್ಲಾಂಟಿನಂತಹ ಗಟ್ಟಿ ಬಳ್ಳಿ ಮೇಲು. ಗಿಡ ಬೇರೂರಿದ ಮೇಲೆ ಸ್ಪ್ರಿಂಗ್‌ಟೇಲ್ ಮತ್ತು ಐಸೊಪಾಡ್‌ಗಳನ್ನು ಬಿಟ್ಟು, ಅವು ಹೆಚ್ಚುವವರೆಗೆ ಕೆಲವು ವಾರ ಕಾಯಬೇಕು. ಜಿರಲೆಗಳ ಸರದಿ ಕೊನೆಯದು. ಅವೂ ನಾಲ್ಕೈದಕ್ಕೆ ಮಿಕ್ಕಬಾರದು.

ಕಿವಿರುಗಳನ್ನು ಹೋಲುವ ಅಂಗಗಳಿಂದ ಉಸಿರಾಡುವ ಐಸೊಪಾಡ್‌ಗಳಿಗೆ ತೇವ ಬೇಕು. ಆದುದರಿಂದ ತೊಟ್ಟಿಯ ಒಂದು ಬದಿ ಒದ್ದೆಯಾಗಿಯೂ ಇನ್ನೊಂದು ಬದಿ ತುಸು ಒಣಗಿಯೂ ಇರಲಿ. ಹಸಿದ ಐಸೊಪಾಡ್‌ಗಳು ಆಗತಾನೆ ಪೊರೆ ಕಳಚಿ ಮೆತ್ತಗಿರುವ ಜಿರಲೆಯನ್ನೂ ಕಚ್ಚಬಹುದು. ಎಲೆಗೆ ಕೊರತೆಯಾದರೆ ಸ್ನೇಹಕ್ಕೂ ಕೊರತೆಯೇ!

ವಿದ್ಯಾರ್ಥಿಗಳು ಒಂದು ಸುಲಭವಾದ ಪ್ರಯೋಗವನ್ನು ಮಾಡಬಹುದು. ಎರಡು ಜಾಡಿಗಳಲ್ಲಿ ಒಂದೇ ಬಗೆಯ ಮಣ್ಣನ್ನೂ ಎಣಿಸಿದ ಎಲೆಗಳನ್ನೂ ಹಾಕಿ, ಒಂದರಲ್ಲಿ ಮಾತ್ರ ಐಸೊಪಾಡ್‌ಗಳನ್ನು ಬಿಡಿ. ವಾರಕ್ಕೊಮ್ಮೆ ಉಳಿದ ಎಲೆಗಳ ಸ್ಥಿತಿಯನ್ನು ಬರೆದಿಡಿ. ಹೊರದೇಶದ ಜೀವಿಗಳನ್ನು ಸಾಕಿದ್ದರೆ ಅವನ್ನು ಎಂದಿಗೂ ಬಯಲಿಗೆ ಬಿಡತಕ್ಕದ್ದಲ್ಲ.

ಈ ತೊಟ್ಟಿ ತನ್ನಷ್ಟಕ್ಕೆ ತಾನು ನಡೆಯುವ ಯಂತ್ರವೆಂದು ಮಾತ್ರ ತಿಳಿಯಬಾರದು. ಕಾಡಿನಲ್ಲಿ ಮರ ಎಲೆಯುದುರಿಸುತ್ತದೆ, ಮೋಡ ಮಳೆಗರೆಯುತ್ತದೆ. ಇಲ್ಲಿ ಮರವೂ ಮೋಡವೂ ನಾವೇ. ಈ ಪಾಠವನ್ನು ಕಲಿತ ಬಳಿಕ, ಅಂಗಳದ ತರಗೆಲೆಯನ್ನು ಗುಡಿಸಿ ಬೆಂಕಿಯಿಡುವ ಮುನ್ನ ನಾವು ಒಂದು ಗಳಿಗೆ ನಿಲ್ಲುವೆವು. ಅಲ್ಲಿ ಸುಡುವುದು ಬರಿಯ ಕಸವಲ್ಲ, ಒಂದು ತುಂಬಿದ ಸಂಸಾರ.